ಶಸ್ತ್ರಚಿಕಿತ್ಸೆಯ ತರುವಾಯ ಮನೆಯ ಸಿದ್ಧತೆ

ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ಗೊತ್ತಾದೊಡನೆ ನಾವೆಲ್ಲರೂ ಆಸ್ಪತ್ರೆ, ವೈದ್ಯರು, ಹಣ ಈ ಮೂರರ ಯೋಚನೆಯಲ್ಲಿ ಮುಳುಗುವೆವೇ ಹೊರತು, ರೋಗಿಯು ಹಿಂದಿರುಗಿ ಬಂದು ವಾರಗಟ್ಟಲೆ ಇರಬೇಕಾದ ಮನೆಯ ಕಡೆಗೆ ಗಮನ ಕೊಡುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಅಭ್ಯಾಸದಿಂದ ನಾವೇ ಒಮ್ಮೆ ಪಟ್ಟ ಪಾಡನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದು.

ನಮ್ಮ ತಾಯಿಯವರಿಗೆ ಸವೆದುಹೋದ ಸೊಂಟದ ಕೀಲನ್ನು ತೆಗೆದು ಕೃತಕವಾದ ಕೀಲನ್ನು ಜೋಡಿಸಿದರು. ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿಯವರು 1962ರ ಸುಮಾರಿಗೆ ಹದಕ್ಕೆ ತಂದ ಈ ಚಿಕಿತ್ಸೆಯು ಇಂದು ನಮ್ಮ ನಗರಗಳಲ್ಲಿಯೂ ರೂಢಿಯಾಗಿದೆ. ಮರುದಿನವೇ ಅವರನ್ನು ಎಬ್ಬಿಸಿ, ವಾಕರ್ ಎಂದು ಕರೆಯುವ ನಾಲ್ಕು ಕಾಲಿನ ಚೌಕಟ್ಟನ್ನು ಹಿಡಿಸಿ ನಡೆಸಿದರು. ನಾವು ಹಿಗ್ಗಿ ಮನೆಗೆ ಕರೆತಂದೆವು. ಬಂದು ನೋಡಿದರೆ, ಬಚ್ಚಲುಮನೆಯ ಬಾಗಿಲಿನಲ್ಲಿ ಆ ಚೌಕಟ್ಟು ಹಿಡಿಸದು! ಪಾಯಿಖಾನೆಯೋ ಕುಕ್ಕರುಗಾಲಿನಲ್ಲಿ ಕೂಡುವಂತಹುದು. ಹಾಗೆ ಕೂಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಇಬ್ಬರು ಎರಡು ಕಡೆ ಹಿಡಿದು ಹೇಗೋ ಕಾಲ ನೂಕಿದೆವು.

ಎರಡು ದಿನಗಳಾದ ಮೇಲೆ, ತಾಯಿಯವರು ಮಧ್ಯಾಹ್ನದಿಂದಾಚೆಗೆ ನೀರನ್ನೇ ಮುಟ್ಟುತ್ತಿಲ್ಲವೆಂಬುದು ಕಣ್ಣಿಗೆ ಬಿತ್ತು. ಕೇಳಿದಾಗ, “ಕುಡಿದರೆ ರಾತ್ರಿ ನಿಮ್ಮನ್ನು ಎಬ್ಬಿಸಬೇಕಲ್ಲಪ್ಪಾ” ಎಂದರು. ಸಲಕರಣೆಗಳು ಬೇಕಾದುದು ಏತಕ್ಕೆಂಬುದು ನಮಗೆ ಆಗ ತಿಳಿಯಿತು. ರೋಗಿಯನ್ನು ಮಲಗಿಸಿಡುವುದಕ್ಕಲ್ಲ, ಅವರ ಕೆಲಸವನ್ನು ಅವರೇ ಮಾನವಾಗಿ ಮಾಡಿಕೊಳ್ಳುವುದಕ್ಕೆ.

ಆದಕಾರಣ ಆಸ್ಪತ್ರೆಗೆ ಹೊರಡುವ ಮೊದಲೇ ಅಳತೆಯ ಪಟ್ಟಿಯನ್ನು ಹಿಡಿದು ಮನೆಯನ್ನು ಸುತ್ತಬೇಕು. ಬಾಗಿಲುಗಳ ಅಗಲವನ್ನು ಅಳೆದು, ಅದಕ್ಕೆ ತಕ್ಕ ವಾಕರನ್ನು ಆರಿಸಬೇಕು. ರೋಗಿಯು ನೆಟ್ಟಗೆ ನಿಂತು ತೋಳುಗಳನ್ನು ಇಳಿಬಿಟ್ಟಾಗ ಅದರ ಹಿಡಿಯು ಮಣಿಕಟ್ಟಿನ ಮಟ್ಟಕ್ಕೆ ಬರತಕ್ಕದ್ದು. ಕಾಲುಗಳ ತುದಿಯ ರಬ್ಬರು ಸವೆದಿರಬಾರದು. ಸಡಿಲವಾದ ಜಮಖಾನೆ, ಕಾಲೊರಸುವ ಚಾಪೆ, ಅಡ್ಡ ಬಿದ್ದ ವಿದ್ಯುತ್ ತಂತಿ ಇವೆಲ್ಲವನ್ನೂ ಎತ್ತಿಡಬೇಕು. ಎತ್ತರದ ಹೊಸಿಲಿದ್ದರೆ ಅದನ್ನು ದಾಟುವ ಕ್ರಮವನ್ನು ಆಸ್ಪತ್ರೆಯಲ್ಲಿಯೇ ಕಲಿತು ಬರುವುದು ಲೇಸು.

ಆಸನದ ವಿಷಯವು ಇನ್ನೂ ಮುಖ್ಯವಾದುದು. ಹೊಸ ಕೀಲು ಕೂಡಿಕೊಳ್ಳುವವರೆಗೆ ಸೊಂಟವು ಹೆಚ್ಚಾಗಿ ಮಡಿಸಿದರೆ ಕೀಲು ಜಾರುವ ಭಯವುಂಟು. ಆದುದರಿಂದ ಮಣೆ, ಚಾಪೆ, ಚಕ್ಕಳಮಕ್ಕಳ ಇವು ಕೆಲವು ಕಾಲ ಬೇಡ. ತೋಳುಗಳುಳ್ಳ ಗಟ್ಟಿ ಕುರ್ಚಿಯಿರಲಿ. ಕುಳಿತಾಗ ಮಂಡಿಯು ಸೊಂಟಕ್ಕಿಂತ ಮೇಲೇರಬಾರದು. ಮಂಚ ತಗ್ಗಾಗಿದ್ದರೆ ಬಡಗಿಯಿಂದ ಕುಳಿಯುಳ್ಳ ಮರದ ದಿಮ್ಮಿಗಳನ್ನು ಮಾಡಿಸಿ, ಕಾಲುಗಳು ಜಾರದಂತೆ ಅವುಗಳಲ್ಲಿ ನಿಲ್ಲಿಸಬಹುದು. ಎಷ್ಟು ದಿನ, ಯಾವ ನಿಷೇಧ ಎಂಬುದು ಶಸ್ತ್ರಚಿಕಿತ್ಸೆಯ ರೀತಿಯನ್ನು ಅವಲಂಬಿಸಿದೆಯಾದ್ದರಿಂದ ವೈದ್ಯರಿಂದಲೇ ಕೇಳಿ ಬರೆದುಕೊಳ್ಳಬೇಕು.

ಮಂಚದ ಪಕ್ಕದಲ್ಲಿ ಕಮೋಡ್ ಕುರ್ಚಿಯನ್ನಿಟ್ಟರೆ ರಾತ್ರಿಯ ಚಿಂತೆ ಅರ್ಧ ಕಳೆದಂತೆ. ಬಚ್ಚಲಿನ ಗೋಡೆಗೆ ಹಿಡಿಗಂಬಿಯನ್ನು ಭದ್ರವಾಗಿ ಹಾಕಿಸಬೇಕು. ಟವೆಲು ಹಾಕುವ ಕಂಬಿಯಾಗಲಿ, ನಲ್ಲಿಯಾಗಲಿ ಮೈಭಾರವನ್ನು ತಾಳವು. ಬಿದ್ದ ವಸ್ತುವನ್ನು ಬಗ್ಗದೆ ಎತ್ತುವುದಕ್ಕೆ ಉದ್ದ ಹಿಡಿಯ ಚಿಮುಟವೂ, ರಾತ್ರಿಯ ಸಣ್ಣ ದೀಪವೂ, ಕೈಗೆಟಕುವಂತೆ ನೀರು, ಕನ್ನಡಕ, ಒಂದು ಕೈಗಂಟೆಯೂ ಇರಲಿ. ಇವೆಲ್ಲವನ್ನೂ ಕೊಳ್ಳಲೇಬೇಕೆಂದಿಲ್ಲ, ನಗರಗಳಲ್ಲಿ ಹಲವು ಸಲಕರಣೆಗಳು ಬಾಡಿಗೆಗೆ ದೊರೆಯುತ್ತವೆ.

ಸಲಕರಣೆಯಿದ್ದ ಮಾತ್ರಕ್ಕೆ ಎಚ್ಚರ ತಪ್ಪಕೂಡದು. ಗಾಯದಿಂದ ಕೀವು ಸೋರುವುದು, ಕೆಂಪೇರುವುದು, ಜ್ವರ, ಮೀನಖಂಡದ ಊತ ಅಥವಾ ನೋವು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೊಂದರೆ, ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮನೆಯಲ್ಲಿ ಮೂರನೆಯ ದಿನ ಕುರ್ಚಿಯೂ ದೀಪವೂ ಗಂಟೆಯೂ ಬಂದವು. ಅಂದು ರಾತ್ರಿ ಗಂಟೆಯ ಸದ್ದಿಗಾಗಿ ಕಿವಿಗೊಟ್ಟು ಮಲಗಿದೆವು. ಅದು ಬಾರಿಸಲೇ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ, ತಾಯಿಯವರ ಹಾಸಿಗೆಯ ಬಳಿಯ ಚೊಂಬು ಬರಿದಾಗಿತ್ತು.