ಕೆಚ್ಚಿಲ್ಲದ ಮರಕ್ಕೆ ಎಣ್ಣೆಯ ಕಾವಲು

ಹಳೆಯ ಮನೆಯ ಸಾಗುವಾನಿ ಪಕಾಸಿಗೆ ಗೆದ್ದಲು ಹಿಡಿದಿದ್ದರೆ ಹತ್ತಿರದಿಂದ ನೋಡಿ. ಹೊರಗಿನ ಬಿಳಿ ಭಾಗ ಪುಡಿಯಾಗಿರುತ್ತದೆ, ಒಳಗಿನ ಕಂದು ಕೆಚ್ಚು ಹಾಗೇ ಉಳಿದಿರುತ್ತದೆ. ಒಂದೇ ಮರದಲ್ಲಿ ಏಕೆ ಈ ಭೇದ?

ಮರ ಬೆಳೆದಂತೆ ಅದರ ಒಳಭಾಗದ ಜೀವಕೋಶಗಳು ಸಾಯುತ್ತವೆ. ಸಾಯುವ ಮುನ್ನ ಹುಳು, ಶಿಲೀಂಧ್ರಗಳಿಗೆ ಒಗ್ಗದ ರಾಸಾಯನಿಕಗಳನ್ನು ಕೂಡಿಡುತ್ತವೆ. ಸಾಗುವಾನಿಯ ಟೆಕ್ಟೊಕ್ವಿನೋನ್ ಅಂಥದ್ದೊಂದು. ಮಾವು, ಬೂರುಗದ ಮರಕ್ಕೆ ಈ ಆಸ್ತಿ ಕಡಿಮೆ. ಅವಕ್ಕೆ ಬೇರೆ ಗಿಡಮರಗಳಿಂದ ಸಾಲ ತಂದುಕೊಡಬೇಕು.

ನಮ್ಮ ಕರಾವಳಿಯಲ್ಲಿ ಆ ಸಾಲ ಕೊಡುವುದು ಗೇರುಬೀಜ. ಅದರ ಸಿಪ್ಪೆಯೊಳಗಿನ ಜೇನುಗೂಡಿನಂಥ ಪದರದಲ್ಲಿ ಕಂದು ಬಣ್ಣದ ಎಣ್ಣೆ ತುಂಬಿರುತ್ತದೆ. ದೋಣಿಗೂ ಮಾಡಿನ ಮರಕ್ಕೂ ಅದನ್ನು ಬಳಿಯುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳು ಹುಳುಗಳಿಗೆ ಆಗಿಬರುವುದಿಲ್ಲ. ಒಣಗಿದ ಪೊರೆ ನೀರನ್ನೂ ತಡೆಯುತ್ತದೆ.

1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಸೊಂಟಿ ಕಾಮೇಶನ್ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಬಲವಾದ ಸಂರಕ್ಷಕವೊಂದನ್ನು ರೂಪಿಸಿದರು. ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. ಆದರೆ ಆರ್ಸೆನಿಕ್ ವಿಷ. ಮರ ಮುಟ್ಟಿದ ಮಕ್ಕಳ ಕೈ ಬಾಯಿಗೆ ಹೋಗುತ್ತದೆಂಬ ಆತಂಕದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಬಹುತೇಕ ಮರಮಟ್ಟಿಗೆ ಅದನ್ನು ಹಾಕುವುದು ನಿಂತಿತು.

ನಮ್ಮ ಮನೆಯೊಳಗಿನ ಉಯ್ಯಾಲೆ ಹಲಗೆಗೆ ಏನು ಬಳಿಯಲಿ ಎಂದು ಯೋಚಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದೂ ಇದೇ. ಮಗಳು ದಿನವಿಡೀ ಅದರ ಮೇಲೇ ಇರುತ್ತಾಳೆ. ಬೇವಿನ ಎಣ್ಣೆ ಆರಿಸಿಕೊಂಡೆ. ಹಲಗೆಯನ್ನು ಚೆನ್ನಾಗಿ ಒಣಗಿಸಿ, ಉಜ್ಜುಕಾಗದದಿಂದ ತಿಕ್ಕಿ, ತೆಳುವಾಗಿ ಎರಡು ಸಲ ಬಳಿದು, ಪೂರ್ತಿ ಆರುವವರೆಗೆ ಹೊರಗಿಟ್ಟೆ.

ಆದರೆ ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ. ಹಸಿ ಗೇರೆಣ್ಣೆ ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ. ಅದು ಕೈಗವಸು ಹಾಕಿದ ದೊಡ್ಡವರ ಕೆಲಸ. ಬೇವಿನ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಎಣ್ಣೆಯೂ ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಇದು ಸೂರಿನಡಿಯ ಮರಕ್ಕೆ ಹೊಂದುತ್ತದೆ, ಆಗಾಗ ಮತ್ತೆ ಬಳಿಯಬೇಕಾಗುತ್ತದೆ. ಮಣ್ಣಿನಲ್ಲಿ ಹೂತ ಬೇಲಿಗೂಟಕ್ಕೆ ಇದನ್ನೇ ನಂಬಿ ಕೂರಬೇಡಿ.

ಮಕ್ಕಳೇ, ಈ ರಜೆಯಲ್ಲಿ ನೀವೇ ಪರೀಕ್ಷಿಸಿ. ಮಾವಿನ ಮರದ ಎರಡು ತುಂಡುಗಳಲ್ಲಿ ಒಂದಕ್ಕೆ ಬೇವಿನ ಎಣ್ಣೆ ಬಳಿದು ಒಣಗಿಸಿ. ಎರಡನ್ನೂ ಮನೆಯಿಂದ ದೂರ, ಗೆದ್ದಲು ಓಡಾಡುವ ಜಾಗದಲ್ಲಿ ನೆರಳಿಗಿಡಿ. ವಾರಕ್ಕೊಮ್ಮೆ ನೋಡಿ, ದಿನಾಂಕದ ಜೊತೆ ಬರೆದಿಡಿ. ಗೆದ್ದಲು ಮೊದಲು ಯಾವುದಕ್ಕೆ ಬಾಯಿ ಹಾಕಿತು?