ನಿಮಗಿದು ಗೊತ್ತೇ? ಕೊರಿಯಾದ ಸನ್ ಮೊದಲ ಗೋಲು ಹೊಡೆದದ್ದು ನಮಗೇ!

ಸಾವಳಗಿ, ಜಮಖಂಡಿ, ಬನಹಟ್ಟಿ ಕಡೆ ಕೊರಿಯಾದ ಆಟಗಾರ ಎಂದರೆ ಬಹಳ ಮಂದಿಗೆ ನೆನಪಾಗುವವನು ಕಬಡ್ಡಿಯ ಜಾಂಗ್ ಕುನ್ ಲೀ. ಪ್ರೊ ಕಬಡ್ಡಿಯಲ್ಲಿ ಬೆಂಗಾಲ್ ವಾರಿಯರ್ಸ್ ಪರ ರೇಡ್ ಮಾಡುತ್ತಿದ್ದವನು, 2016ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಭಾರತವನ್ನು 34-32ರಿಂದ ಕೆಡವಿದ ತಂಡದವನು. ಕುಸ್ತಿ, ಕಬಡ್ಡಿ, ಸೈಕಲ್ ರೇಸಿನ ಈ ಸೀಮೆಯಲ್ಲಿ ಅದು ಸಹಜವೇ. ಈ ಸಲ ಮಾತ್ರ ಫುಟ್ಬಾಲ್ ಸರದಿ. ದಕ್ಷಿಣ ಕೊರಿಯಾದ ವಿಂಗರ್ ಸನ್ ಹ್ಯುಂಗ್ ಮಿನ್ ಬಗ್ಗೆ ಇಲ್ಲಿವೆ ಕೆಲವು ಸಂಗತಿಗಳು.

ಸನ್ ತನ್ನ ದೇಶದ ಪರ ಹೊಡೆದ ಮೊದಲ ಗೋಲು ಯಾರ ವಿರುದ್ಧ ಗೊತ್ತೇ? ಭಾರತದ ವಿರುದ್ಧ! 2011ರ ಜನವರಿ 18, ದೋಹಾದಲ್ಲಿ ಏಷ್ಯಾ ಕಪ್ ಪಂದ್ಯ. ಹುಡುಗನಿಗೆ ಆಗ 18 ವರ್ಷ. 81ನೇ ನಿಮಿಷದಲ್ಲಿ ಆತ ಹೊಡೆದದ್ದು ಕೊರಿಯಾದ ನಾಲ್ಕನೇ ಗೋಲು. ಭಾರತ 1-4ರಿಂದ ಸೋತಿತು. ನಮ್ಮ ಆ ಒಂದು ಗೋಲು ಪೆನಾಲ್ಟಿಯಲ್ಲಿ ಬಂದದ್ದು, ಹೊಡೆದವರು ಸುನಿಲ್ ಛೆಟ್ರಿ. ಎರಡು ವರ್ಷದ ನಂತರ ಹುಟ್ಟಿದ ಬೆಂಗಳೂರು ಎಫ್‌ಸಿಗೆ ನಾಯಕರಾಗಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದುಕೊಟ್ಟ ಅದೇ ಛೆಟ್ರಿ.

ವಿಂಗರ್ ಎಂದರೆ ಮೈದಾನದ ಅಂಚುಗೆರೆಯ ಪಕ್ಕದಲ್ಲಿ ಓಡುವವನು. ಹಳೆಯ ರೂಢಿಯಂತೆ ಬಲಗಾಲಿನವನು ಬಲಕ್ಕೆ, ಎಡಗಾಲಿನವನು ಎಡಕ್ಕೆ. ಸನ್ ಹೆಚ್ಚಾಗಿ ಆಡಿದ್ದು ಎಡಗಡೆ, ಆದರೆ ಯಾವ ಕಾಲಿನಿಂದ ಹೊಡೆಯುತ್ತಾನೆಂದು ಎದುರಾಳಿಗೆ ಅಂದಾಜೇ ಸಿಗುವುದಿಲ್ಲ. ಅದರ ಗುಟ್ಟು ಅಪ್ಪ. ಸನ್ ವೂಂಗ್ ಜಂಗ್ ತಾವೂ ಆಟಗಾರರೇ. ಗಾಯದಿಂದಾಗಿ 28ಕ್ಕೇ ಆಟ ಬಿಟ್ಟರು. ಮಗನನ್ನು ಚಿಕ್ಕಂದಿನಲ್ಲಿ ಪಂದ್ಯಕ್ಕೇ ಬಿಡದೆ ಚೆಂಡಿನ ಮೇಲಿನ ಹಿಡಿತವನ್ನಷ್ಟೇ ಕಲಿಸಿದರು. ಆಮೇಲೆ ದಿನಕ್ಕೆ ಸಾವಿರ ಹೊಡೆತ: ಬಲಗಾಲಿಗೆ 500, ಎಡಗಾಲಿಗೆ 500. ಅಣ್ಣನ ಜೊತೆ ಜಗಳವಾಡಿದ್ದಕ್ಕೆ ನಾಲ್ಕು ತಾಸು ಚೆಂಡು ನೆಲಕ್ಕೆ ಬೀಳದಂತೆ ಕಾಲಲ್ಲಿ ಆಡಿಸುವ ಶಿಕ್ಷೆ ಸಿಕ್ಕಿತ್ತೆಂದು ಸನ್ ಹೇಳಿಕೊಂಡಿದ್ದಾನೆ. ತಾಲೀಮಿನ ಉಸ್ತಾದರೂ ಇಷ್ಟು ಬಿಗಿ ಇರಲಾರರೇನೋ!

ಸನ್ ಸೇರಿದ ಕ್ಲಬ್‌ಗಳು ಇವು: 16ರ ಹರೆಯದಲ್ಲಿ ಜರ್ಮನಿಯ ಹ್ಯಾಂಬರ್ಗ್, 2013ರಲ್ಲಿ ಲೆವರ್ಕುಸೆನ್, 2015ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್.

2019ರ ಡಿಸೆಂಬರ್ 7ರಂದು ಬರ್ನ್ಲಿ ವಿರುದ್ಧ ತನ್ನದೇ ಪೆನಾಲ್ಟಿ ಅಂಗಳದ ಬಳಿ ಚೆಂಡು ಸಿಕ್ಕಿತು. ಯಾರಿಗೂ ಪಾಸ್ ಕೊಡದೆ ಎದುರಾಳಿ ತಂಡದ ಅರ್ಧ ಮಂದಿಯನ್ನು ಹಿಂದೆ ಹಾಕಿ ಸುಮಾರು 12 ಸೆಕೆಂಡಿನಲ್ಲಿ ಗೋಲು! ಅದಕ್ಕೆ ವರ್ಷದ ಅತಿ ಸೊಗಸಾದ ಗೋಲಿಗೆ ಕೊಡುವ ಫಿಫಾದ ಪುಸ್ಕಾಸ್ ಪ್ರಶಸ್ತಿ ಬಂತು. 2021-22ರಲ್ಲಿ 23 ಗೋಲು ಹೊಡೆದು, ಲಿವರ್‌ಪೂಲ್‌ನ ಮೊಹಮ್ಮದ್ ಸಲಾ ಜೊತೆ, ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಪ್ರೀಮಿಯರ್ ಲೀಗ್‌ನ ಗೋಲ್ಡನ್ ಬೂಟ್ ಹಂಚಿಕೊಂಡ. ಏಷ್ಯಾದವನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ 23ರಲ್ಲಿ ಒಂದೂ ಪೆನಾಲ್ಟಿ ಇಲ್ಲ ಎಂಬುದೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಕೊರಿಯಾದ ಆಟಗಾರನ ನೆತ್ತಿಯ ಮೇಲೆ ಒಂದು ಕತ್ತಿ ತೂಗುತ್ತಲೇ ಇರುತ್ತದೆ: ಕಡ್ಡಾಯ ಸೈನಿಕ ಸೇವೆ. ಆರೋಗ್ಯವಂತ ಗಂಡುಮಕ್ಕಳೆಲ್ಲ ಸುಮಾರು ಒಂದೂವರೆ, ಎರಡು ವರ್ಷ ಸೈನ್ಯಕ್ಕೆ ಹೋಗಲೇಬೇಕು. ಆಟ ಉತ್ತುಂಗದಲ್ಲಿರುವ ವಯಸ್ಸಿನಲ್ಲೇ ಕರೆ ಬರುತ್ತದೆ. ತಪ್ಪಿಸಿಕೊಳ್ಳಲು 1973ರಿಂದ ಒಂದು ದಾರಿ ಇದೆ. ಒಲಿಂಪಿಕ್ಸ್‌ನಲ್ಲಾದರೆ ಯಾವುದೇ ಪದಕ ಸಾಕು. ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನವೇ ಬೇಕು, ಬೆಳ್ಳಿ ನಡೆಯದು.

ಸನ್‌ಗೆ ಈ ಅದೃಷ್ಟ ಮೂರು ಸಲ ಕೈಕೊಟ್ಟಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಕಂಚು ಗೆದ್ದಾಗ ಆತ ತಂಡದಲ್ಲಿರಲಿಲ್ಲ. 2014ರ ಏಷ್ಯನ್ ಗೇಮ್ಸ್‌ಗೆ ಲೆವರ್ಕುಸೆನ್ ಆತನನ್ನು ಬಿಡಲಿಲ್ಲ, ಉಳಿದವರು ಚಿನ್ನ ತಂದರು. 2016ರ ರಿಯೊದಲ್ಲಿ ಹೊಂಡುರಾಸ್ ಎದುರು ಕ್ವಾರ್ಟರ್ ಫೈನಲ್ ಸೋತು ಮೈದಾನದಲ್ಲೇ ಅತ್ತ. ಉಳಿದದ್ದು 2018ರ ಇಂಡೋನೇಷ್ಯಾ ಏಷ್ಯನ್ ಗೇಮ್ಸ್. ಆಗ ವಯಸ್ಸು 26. ಜಪಾನ್ ವಿರುದ್ಧದ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಯಿತು. ಕೊರಿಯಾದ ಎರಡೂ ಗೋಲುಗಳಿಗೆ ಪಾಸ್ ಕೊಟ್ಟವನು ನಾಯಕ ಸನ್. 2-1, ಚಿನ್ನ!

ಅದೇ ಕೂಟದಲ್ಲಿ ಕೊರಿಯಾದ ಕಬಡ್ಡಿ ತಂಡವೂ ಭಾರತವನ್ನು 24-23ರಿಂದ ಸೋಲಿಸಿತ್ತು. ಏಷ್ಯನ್ ಗೇಮ್ಸ್ ಕಬಡ್ಡಿಯಲ್ಲಿ ಭಾರತಕ್ಕೆ ಅದು ಮೊಟ್ಟಮೊದಲ ಸೋಲು. ಆದರೆ ಫೈನಲ್‌ನಲ್ಲಿ ಇರಾನ್ ಎದುರು ಎಡವಿ ಬೆಳ್ಳಿಗೆ ನಿಂತದ್ದರಿಂದ ಕೊರಿಯಾದ ಆ ಕಬಡ್ಡಿಗರಿಗೆ ಸೈನಿಕ ಸೇವೆಯ ವಿನಾಯಿತಿಯ ಬಾಗಿಲು ತೆರೆಯಲಿಲ್ಲ.

ವಿನಾಯಿತಿ ಅಂದರೆ ಪೂರ್ತಿ ಬಿಡುಗಡೆಯೂ ಅಲ್ಲ. ಮೂರು ವಾರದ ತರಬೇತಿ ಮತ್ತು 544 ಗಂಟೆಗಳ ಸಮಾಜಸೇವೆ ಕಡ್ಡಾಯ. 2020ರಲ್ಲಿ ಕೊರೋನಾದಿಂದ ಲೀಗ್ ನಿಂತಾಗ ಸನ್ ಜೆಜು ದ್ವೀಪದ ಮರೀನ್ ದಳದ ಶಿಬಿರಕ್ಕೆ ಹೋಗಿ, ತನ್ನ ತುಕಡಿಯಲ್ಲಿ ಅತ್ಯುತ್ತಮ ಶಿಬಿರಾರ್ಥಿ ಎಂದು ಬಹುಮಾನ ಪಡೆದು ಬಂದ.

ಚಿನ್ನ ಸಿಗದವರ ಗತಿ? ಸೈನ್ಯಕ್ಕೇ ಒಂದು ಫುಟ್ಬಾಲ್ ತಂಡವಿದೆ, ಗಿಮ್ಚಿಯೋನ್ ಸಾಂಗ್ಮು. ಕೊರಿಯಾದ ವೃತ್ತಿಪರ ಕೆ ಲೀಗ್‌ನಲ್ಲೇ ಆಡುತ್ತದೆ. ಸೇವೆಯ ಅವಧಿ ಮುಗಿದ ಕೂಡಲೇ ಆಟಗಾರರು ತಮ್ಮ ಹಳೆಯ ಕ್ಲಬ್‌ಗೆ ಮರಳುವುದರಿಂದ, ಸೀಸನ್ ನಡುವೆಯೇ ತಂಡ ಅರ್ಧ ಖಾಲಿಯಾಗುವುದೂ ಉಂಟು.

ಟಾಟೆನ್‌ಹ್ಯಾಮ್‌ಗೆ 454 ಪಂದ್ಯ ಆಡಿ 173 ಗೋಲು ಹೊಡೆದ ಸನ್‌ಗೆ ಆ ಕ್ಲಬ್‌ನಲ್ಲಿ ಸಿಕ್ಕ ಟ್ರೋಫಿ ಒಂದೇ ಒಂದು, 2025ರ ಮೇ ತಿಂಗಳ ಯುರೋಪಾ ಲೀಗ್. ಹತ್ತು ವರ್ಷ ಕಾದದ್ದಕ್ಕೆ ಕೂಲಿ. ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಎಫ್‌ಸಿ ಸೇರಿದ.

ಇನ್ನು ನಮ್ಮ ಲೆಕ್ಕ. ಕೊರಿಯಾವನ್ನು ಏಷ್ಯನ್ ಗೇಮ್ಸ್ ಫೈನಲ್‌ನಲ್ಲೇ ಭಾರತ ಮಣಿಸಿತ್ತು ಎಂದರೆ ಈಗಿನ ಹುಡುಗರು ನಂಬುತ್ತಾರೆಯೇ? 1962ರ ಸೆಪ್ಟೆಂಬರ್ 4, ಜಕಾರ್ತ. ಮೊದಲ ಪಂದ್ಯದಲ್ಲಿ ಇದೇ ಕೊರಿಯಾಕ್ಕೆ 0-2ರಿಂದ ಸೋತಿದ್ದ ಭಾರತ ಫೈನಲ್ ಅನ್ನು 2-1ರಿಂದ ಗೆದ್ದಿತು. ಮೊದಲ ಗೋಲು ಪಿ.ಕೆ. ಬ್ಯಾನರ್ಜಿ ಅವರದು, ಅವರೂ ವಿಂಗರ್. ಇನ್ನೊಂದು ಹೊಡೆದವರು ಜರ್ನೈಲ್ ಸಿಂಗ್. ಬೆಂಗಳೂರಿನ ಹುಡುಗ, ಮೋಹನ್ ಬಾಗಾನ್ ವಿಂಗರ್ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಎರಡು ವರ್ಷದ ನಂತರ ಏಷ್ಯಾ ಕಪ್‌ನಲ್ಲೂ ಕೊರಿಯಾವನ್ನು ಭಾರತ 2-0ರಿಂದ ಸೋಲಿಸಿತು.

ಎರಡೂ ತಂಡಗಳು ಒಲಿಂಪಿಕ್ಸ್ ಫುಟ್ಬಾಲ್‌ಗೆ ಮೊದಲು ಇಳಿದದ್ದು 1948ರಲ್ಲಿ, ಲಂಡನ್ನಿನಲ್ಲೇ. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ನಮ್ಮ ಗೋಲು ಬೆಂಗಳೂರಿನ ಎಸ್. ರಾಮನ್ ಅವರದು. ಮೆಕ್ಸಿಕೊವನ್ನು ಸೋಲಿಸಿದ ಕೊರಿಯಾ, ಸ್ವೀಡನ್ ಕೈಯಲ್ಲಿ 0-12ರಿಂದ ಚಿಂದಿಯಾಯಿತು. ಅಂದರೆ ಹೊರಡುವಾಗ ನಾವು ಹಿಂದಿರಲಿಲ್ಲ.

ಕೊರಿಯಾ 1983ರಲ್ಲಿ ವೃತ್ತಿಪರ ಲೀಗ್ ಆರಂಭಿಸಿತು. 1986ರಿಂದ ಈಚೆಗೆ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಂಡಿಲ್ಲ, 2026ರದ್ದಕ್ಕೂ ಅರ್ಹತೆ ಗಳಿಸಿದೆ. ಭಾರತದಲ್ಲಿ ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ಈವರೆಗೆ ಆಡಿದ ವಿಶ್ವಕಪ್, ಸೊನ್ನೆ.