ಕೊಳವೆಯಲ್ಲಿ ಬಿರುಕು, ನಿಯಮದಲ್ಲಿ ಸಂದು

2010ರ ಜುಲೈ 25ರ ಸಂಜೆ ಅಮೆರಿಕದ ಮಿಶಿಗನ್ ರಾಜ್ಯದ ಮಾರ್ಷಲ್ ಊರಿನ ಬಳಿ ನೆಲದಡಿಯ ಕಚ್ಚಾತೈಲದ ಕೊಳವೆಯೊಂದು ಸೀಳಿತು. ಎನ್‌ಬ್ರಿಜ್ ಕಂಪನಿಯದು, 30 ಇಂಚು ವ್ಯಾಸ, ಹೂತದ್ದು 1969ರಲ್ಲಿ. ಕೆನಡಾದ ಎಡ್ಮಂಟನ್‌ನಲ್ಲಿದ್ದ ನಿಯಂತ್ರಣ ಕೊಠಡಿಯಲ್ಲಿ ಅಲಾರಂ ಮೇಲೆ ಅಲಾರಂ. ಕೊಳವೆಯೊಳಗೆ ಎಲ್ಲೋ ತೈಲದ ಧಾರೆ ಕಡಿದು ಟೊಳ್ಳು ಉಂಟಾಗಿದೆ, ಒತ್ತಡ ಇಳಿದದ್ದು ಅದಕ್ಕೇ ಎಂದು ಸಿಬ್ಬಂದಿ ಬಗೆದರು. ಟೊಳ್ಳು ತುಂಬಲು ಮತ್ತೆ ಪಂಪ್ ಮಾಡಿದರು, ಅದೂ ಎರಡು ಸಲ. ಚೆಲ್ಲಿದ ತೈಲದಲ್ಲಿ ಶೇ. 81ರಷ್ಟು ಹೋದದ್ದು ಹೀಗೆ. 17 ಗಂಟೆಗಳ ಮೇಲೆ ಸುದ್ದಿ ಮುಟ್ಟಿಸಿದವನು ಬೇರೊಂದು ಗ್ಯಾಸ್ ಸಂಸ್ಥೆಯ ನೌಕರ. ಒಟ್ಟು ಸುಮಾರು 32 ಲಕ್ಷ ಲೀಟರ್ ತೈಲ ಹೊರಚೆಲ್ಲಿ, ಟಾಲ್ಮಡ್ಜ್ ತೊರೆಯ ಮೂಲಕ ಕ್ಯಾಲಮಜೂ ನದಿಯನ್ನೂ ಸೇರಿತು.

ಅದು ಸಾಮಾನ್ಯ ತೈಲವೂ ಅಲ್ಲ. ಡಾಂಬರಿನಷ್ಟು ಗಟ್ಟಿಯಾದ ಬಿಟುಮೆನ್ ಕೊಳವೆಯಲ್ಲಿ ಹರಿಯಲೆಂದು ಅದಕ್ಕೆ ಹಗುರ ದ್ರವ ಬೆರೆಸಿದ್ದರು. ನದಿಗೆ ಬಿದ್ದ ಮೇಲೆ ಹಗುರದ್ದು ಆವಿಯಾಯಿತು. ಉಳಿದದ್ದರಲ್ಲಿ ಒಂದು ಪಾಲು ಕೆಸರು ಮರಳಿನೊಡನೆ ಬೆರೆತು ತಳಕ್ಕಿಳಿಯಿತು. ನೀರಿನ ಮೇಲೆ ತೇಲುವ ತಡೆಗಳು ತಳದ ತೈಲವನ್ನು ಹಿಡಿಯಲಾರವು. ವರ್ಷಗಟ್ಟಲೆ ನದಿಯ ತಳ ಹೂಳೆತ್ತಬೇಕಾಯಿತು. ಖರ್ಚು 100 ಕೋಟಿ ಡಾಲರ್ ದಾಟಿತು.

ನಿಯಮ ಇರಲಿಲ್ಲವೇ? ಇತ್ತು. 1999ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಪೆಟ್ರೋಲ್ ಕೊಳವೆ ಒಡೆದು, ತೊರೆಗೆ ಹರಿದ ಪೆಟ್ರೋಲ್ ಹೊತ್ತಿಕೊಂಡಿತು. ಇಬ್ಬರು ಹತ್ತು ವರ್ಷದ ಹುಡುಗರು, ಒಬ್ಬ 18ರ ತರುಣ ಸತ್ತರು. ಮರುವರ್ಷವೇ ದೊಡ್ಡ ಕಂಪನಿಗಳಿಗೆ ಹೊಸ ನಿಯಮ ಬಂತು: ಜನವಸತಿ, ಕುಡಿಯುವ ನೀರಿನ ಮೂಲ, ಅಪರೂಪದ ಜೀವನೆಲೆ, ಹಡಗು ಓಡಾಡುವ ಜಲಮಾರ್ಗ ಇವನ್ನು ನಕ್ಷೆಯಲ್ಲಿ ಗುರುತಿಸಬೇಕು, ಅಲ್ಲಿಗೆ ತೈಲ ತಲುಪಬಲ್ಲ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಕೊಳವೆ ಆ ಜಾಗದಲ್ಲೇ ಹಾದುಹೋಗಬೇಕೆಂದಿಲ್ಲ, ಹಳ್ಳ ಹಿಡಿದು ತೈಲ ಅಲ್ಲಿಗೆ ಹೋಗುವಂತಿದ್ದರೂ ಸಾಕು. ತುಂಬ ವಿವೇಕದ ಮಾತಿದು.

ಮಾರ್ಷಲ್‌ನ ಕೊಳವೆ ಈ ನಿಯಮದಡಿಯೇ ಇತ್ತು. 2005ರಲ್ಲಿ ಅದರೊಳಗೆ ಓಡಿಸಿದ ಅಲ್ಟ್ರಾಸೌಂಡ್ ಪರೀಕ್ಷಾಯಂತ್ರ, ಐದು ವರ್ಷದ ನಂತರ ಸೀಳಿದ ಅದೇ ಭಾಗದಲ್ಲಿ ಬಿರುಕಿನಂಥ ಗುರುತುಗಳನ್ನು ಪತ್ತೆಹಚ್ಚಿತ್ತು. ಹೊರಗಿನ ಪ್ಲಾಸ್ಟಿಕ್ ಪಟ್ಟಿ ಬಿಟ್ಟುಕೊಂಡು, ಅದರಡಿಯ ಉಕ್ಕು ತುಕ್ಕು ಮತ್ತು ಒತ್ತಡದ ಏರಿಳಿತಕ್ಕೆ ಸಿಕ್ಕಿ ಬಿರಿಯುತ್ತಿತ್ತು. ಅಗೆದು ನೋಡುವಷ್ಟು ಅಪಾಯವಿಲ್ಲವೆಂದು ಕಂಪನಿಯ ಲೆಕ್ಕ ಹೇಳಿತು. ಬಿರುಕನ್ನು ಹೇಗೆ ಅಳೆಯಬೇಕು, ಯಾವಾಗ ರಿಪೇರಿ ಮಾಡಬೇಕು ಎಂಬ ನಿಯಮವೇ ಸಡಿಲವಾಗಿತ್ತೆಂದು 2012ರಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಬರೆಯಿತು. ನನಗೆ ಕಂಪನಿಯ ತಪ್ಪಿಗಿಂತ ಇದೇ ಹೆಚ್ಚು ಕಾಡುವುದು.

2022ರ ನಿಯಮದಂತೆ, ಕೊಳವೆ ಒಡೆದದ್ದು ಖಚಿತವಾದ 30 ನಿಮಿಷದೊಳಗೆ ವಾಲ್ವ್ ಮುಚ್ಚಬೇಕು. ಆದರೆ ಇದು ಹೊಸದಾಗಿ ಹಾಕಿದ ಅಥವಾ ಬದಲಾಯಿಸಿದ ದೊಡ್ಡ ಕೊಳವೆಗಳಿಗೆ ಮಾತ್ರ. ಜೊತೆಗೆ ಆ 30 ನಿಮಿಷದ ಎಣಿಕೆ ಶುರುವಾಗುವುದು ಕೊಳವೆ ಒಡೆದ ಗಳಿಗೆಯಿಂದಲ್ಲ, ಒಡೆದಿದೆ ಎಂದು ಕಂಪನಿ ಗುರುತಿಸಿದ ಗಳಿಗೆಯಿಂದ. ಮಾರ್ಷಲ್‌ನಲ್ಲಿ 17 ಗಂಟೆ ಹಿಡಿದದ್ದು ಆ ಗುರುತಿಸುವ ಕೆಲಸಕ್ಕೇ.